ಮಳೆಗೆ ಹೆದರದ ವಾಚಿಗೆ ಪೆಟ್ಟಿಗೆ ಯಾಕೆ?

ಹಳೆಯ ಗಟ್ಟಿಮುಟ್ಟು ವಾಚುಗಳ ಹುಚ್ಚು ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನಿಗೂ ಹತ್ತಿದೆ. ಅವನ ಬೀರುವಿನಲ್ಲಿ ಎಚ್‌ಎಂಟಿ ಪೈಲಟ್ ಇದೆ, ಜವಾನ್ ಇದೆ. ಕೈಯಲ್ಲಿರುವುದು ಮಾತ್ರ ಸ್ಮಾರ್ಟ್‌ವಾಚು! ಇತ್ತ ಕಾಸರಗೋಡಿನ ನಮ್ಮ ಕಡೆ ಅಂಥ ಹಳೆಯ ವಾಚು ಈಗಲೂ ಕೆಲವರ ಕೈಯಲ್ಲೇ ಇದೆ. ಅಡಕೆಗೆ ಮದ್ದು ಬಿಡುವಾಗಲೂ ಬಿಚ್ಚುವುದಿಲ್ಲ. ಚೈನಿನ ಸಂದಿಯಲ್ಲಿ ಮೈಲುತುತ್ತದ ನೀಲಿ ಕೂತಿರುತ್ತದೆ. ನನಗೆ ನಮ್ಮ ಕ್ರಮವೇ ಸರಿ ಅನಿಸುತ್ತದೆ, ಒಂದು ವಿಷಯ ಬಿಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ಗಲ್ಫ್ ವಾಚಿಗೆ ಮರ್ಯಾದೆ ಜಾಸ್ತಿ. ದುಬೈ, ಅಬುಧಾಬಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಜಪಾನಿನ ಸೈಕೋ 5 ವಾಚು ತರುತ್ತಿದ್ದರು. ಅಣ್ಣನಿಗೊಂದು, ಭಾವನಿಗೊಂದು. ಈ ಸೈಕೋ 5 ಶುರುವಾದದ್ದು 1963ರಲ್ಲಿ. ಕೈ ಆಡುತ್ತಿದ್ದರೆ ಸಾಕು, ಕೀ ತಾನೇ ತುಂಬಿಕೊಳ್ಳುತ್ತದೆ. ಸೆಲ್ ಬೇಡ. ವಾರ, ತಾರೀಕು ಒಂದೇ ಕಿಂಡಿಯಲ್ಲಿ. ತಿರುಪು 3ರ ಬದಲು 4ರ ಹತ್ತಿರ ಅಂಚಿನೊಳಗೆ ಅಡಗಿರುತ್ತದೆ, ಹಾಗಾಗಿ ಬಳ್ಳಿಗೂ ಹಗ್ಗಕ್ಕೂ ಸಿಕ್ಕಿಕೊಳ್ಳುವುದಿಲ್ಲ. ಗಲ್ಫ್‌ನಲ್ಲಿ ಮಾರಿದ ಎಷ್ಟೋ ವಾಚುಗಳಲ್ಲಿ ವಾರದ ಹೆಸರು ಇಂಗ್ಲಿಷ್, ಅರಬ್ಬಿ ಎರಡರಲ್ಲೂ ಇದೆ. ಆ ಅರಬ್ಬಿ ವಾರ ಕಂಡರೆ ನನ್ನ ಅಳಿಯನ ಕಣ್ಣು ಅರಳುತ್ತದೆ. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಗಟ್ಟಿತನದ ಗುಟ್ಟು ಒಳಗಿದೆ. ವಾಚು ಬಿದ್ದಾಗ ಮೊದಲು ಮುರಿಯುವುದು, ಅತ್ತಿತ್ತ ಆಡುತ್ತಾ ಸಮಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ. ಅದು ಕೂದಲಿನಷ್ಟು ಸಪೂರ. ಆ ತುದಿ ಕೂರುವ ಕಲ್ಲನ್ನು (ಇದಕ್ಕೇ ಜುವೆಲ್ ಅನ್ನುವುದು) ಪುಟ್ಟ ಸ್ಪ್ರಿಂಗಿನ ಅಡಿಯಲ್ಲಿ ಇಟ್ಟರು. ಪೆಟ್ಟು ಬಿದ್ದರೆ ಕಲ್ಲು ತುಸು ಜರುಗಿ ಮತ್ತೆ ಜಾಗಕ್ಕೆ ಬರುತ್ತದೆ. ಸ್ವಿಸ್ಸರ ಇಂಕಾಬ್ಲಾಕ್, ಸೈಕೋದ ಡಯಾಶಾಕ್, ಸಿಟಿಜನ್ನಿನ ಪ್ಯಾರಾಶಾಕ್ ಎಲ್ಲ ಇದೇ ಉಪಾಯ. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದ್ದೇ ಸಿಟಿಜನ್ ಜೊತೆ ಸೇರಿ. ಅದಕ್ಕೇ ಎಚ್‌ಎಂಟಿ ಡಯಲಿನ ಮೇಲೆ '17 ಜುವೆಲ್ಸ್, ಪ್ಯಾರಾಶಾಕ್' ಅಂತ ಕಾಣುವುದು.

ಸಂಗ್ರಾಹಕರ ಮಾತು ಇನ್ನೂ ಹಿಂದಕ್ಕೆ ಹೋಗುತ್ತದೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಸುಮಾರಿಗೆ, ಬ್ರಿಟಿಷ್ ಸೇನೆಗೆ 12 ಕಂಪನಿಗಳು ಒಂದೇ ನಮೂನೆಯ ವಾಚು ಮಾಡಿಕೊಟ್ಟವು. ಕಪ್ಪು ಡಯಲ್, ನೀರು ಹೋಗದ ಕೇಸು, ಕತ್ತಲಲ್ಲಿ ಹೊಳೆಯುವ ಮುಳ್ಳು. ಇವಕ್ಕೆ 'ಡರ್ಟಿ ಡಜನ್' ಅನ್ನುತ್ತಾರೆ. ಹನ್ನೆರಡನ್ನೂ ಕೂಡಿಸಬೇಕೆಂದು ಒದ್ದಾಡುವವರಿದ್ದಾರೆ. ಯುದ್ಧದ ಕೆಸರಿಗೆ ಅಂತ ಮಾಡಿದ ವಾಚು ಈಗ ಧೂಳೂ ತಾಗದ ಕಡೆ ಮಲಗಿದೆ. ತಮಾಷೆ ಅಲ್ವಾ? ಗಟ್ಟಿತನಕ್ಕೆ ಮನಸೋತು ಕೊಂಡವರು ಅದನ್ನು ಒಂದು ಮಳೆಗಾದರೂ ಒಡ್ಡಬಾರದೇ?

ಇನ್ನು ಅಳಿಯನ ಮಾತು ಸರಿಯಿರುವ ಜಾಗ. ನಮ್ಮಲ್ಲಿ ಡಯಲಿಗೆ ಕಲೆ ಬಂದರೆ ಹೊಸ ಬಣ್ಣ ಹೊಡೆಸುತ್ತೇವೆ, ಕೇಸನ್ನು ಉಜ್ಜಿ ಪಳಪಳ ಮಾಡಿಸುತ್ತೇವೆ. ಮದುವೆ ಮನೆಗೆ ಹೋಗಬೇಕಲ್ಲ! "ಮಾವ, ಕಲೆ ಇದ್ದರೆ ಇರಲಿ, ಬಣ್ಣ ಮಾತ್ರ ಹೊಡೆಸಬೇಡಿ" ಅಂತ ಅವನು ಬೇಡಿಕೊಳ್ಳುತ್ತಾನೆ. ಹೊಸ ಬಣ್ಣದ ಮೇಲಿನ ಅಕ್ಷರ ಸೊಟ್ಟ, ಉಜ್ಜಿದ ಕೇಸಿನ ಅಂಚು ಸವೆದು ದುಂಡಗೆ. ಕಾರ್ಖಾನೆಯ ಡಯಲ್ ಒಮ್ಮೆ ಹೋದರೆ ಹೋಯಿತು. ಎಚ್‌ಎಂಟಿ ವಾಚು ವಿಭಾಗವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಆದ ಮೇಲಂತೂ ಹಳೆಯದನ್ನು ಹುಡುಕುವವರು ಜಾಸ್ತಿ, ಬಣ್ಣ ಬಳಿದದ್ದನ್ನು ಅಸಲಿ ಅಂತ ಮಾರುವವರೂ ಜಾಸ್ತಿ.

ಹಾಗಾಗಿ ರಿಪೇರಿಯವರಿಗೆ ಕೊಡುವಾಗ ಎಣ್ಣೆ ಹಾಕಿ, ನೀರು ತಡೆಯುವ ರಬ್ಬರ್ ರಿಂಗು ಬದಲಿಸಿ ಅಂತ ಹೇಳಿ, ಡಯಲ್ ಮುಟ್ಟಬೇಡಿ ಅಂತಲೂ ಹೇಳಿ. ಮಳೆಗಾಲದಲ್ಲಿ ಗ್ಲಾಸಿನೊಳಗೆ ಆವಿ ಕಂಡರೆ ಆ ರಿಂಗು ಹೋಗಿದೆ ಅಂತಲೇ ಲೆಕ್ಕ. ಅಜ್ಜನ ಕಾಲದ ಸ್ವಿಸ್ ವಾಚು ಇದ್ದರೆ ಇನ್ನೊಂದು ಎಚ್ಚರ ಬೇಕು. ಅದರ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಹೋದರೂ ವಿಕಿರಣ ಹೋಗುವುದಿಲ್ಲ. ಮನೆಯಲ್ಲಿ ಬಿಚ್ಚಿ ಕೆರೆಯಲು ಹೋಗಬೇಡಿ.