ಭರ್ತಿಗೆ ಬಂದವರಲ್ಲ ಅವರು

ನಿನ್ನೆ ರಾತ್ರಿ ಗೆಳೆಯರೆಲ್ಲ ಸೇರಿ ‘ಮೈ ಕಸಿನ್ ವಿನ್ನಿ’ ನೋಡಿದೆವು. 1992ರ ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೆಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಮುಗಿದು ದೀಪ ಹಾಕುತ್ತಿದ್ದಂತೆ ಒಬ್ಬರು, “ಜೋ ಪೆಶಿ, ಮರಿಸಾ ಟೊಮೇ ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭರ್ತಿಗೆ ಹಾಕಿಕೊಂಡವರು” ಎಂದುಬಿಟ್ಟರು. ಹವ್ಯಾಸಿ ನಾಟಕಗಳಲ್ಲಿ ಕಾವಲುಗಾರ, ಸೇವಕ, ಎರಡನೆಯ ಸಾಕ್ಷಿ ಇಂಥ ಪಾತ್ರಗಳನ್ನೇ ಮಾಡಿಕೊಂಡು ಬಂದವನು ನಾನೆಂಬುದು ನಿಮಗೆಲ್ಲ ಗೊತ್ತಿದೆ. ಆ ‘ಭರ್ತಿ’ ಎಂಬ ಮಾತು ನನ್ನನ್ನು ಬೆಳಗಿನ ಜಾವದವರೆಗೂ ಮಲಗಗೊಡಲಿಲ್ಲ.

ಆರನೆಯ ಪ್ರಯತ್ನದಲ್ಲಿ ವಕೀಲಿಕೆಯ ಪರೀಕ್ಷೆ ಪಾಸು ಮಾಡಿ, ಕೋಟು ತೊಟ್ಟು ಆರು ವಾರವೂ ಕಳೆಯದ ನ್ಯೂಯಾರ್ಕಿನ ವಿನ್ನಿ (ಪೆಶಿ), ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದ ದಾಯಾದಿ ತಮ್ಮನ ಪರ ವಾದಿಸಲು ಅಲಬಾಮಾದ ಒಂದು ಚಿಕ್ಕ ಊರಿಗೆ ಬರುತ್ತಾನೆ. ಅಲ್ಲಿನ ಕೆಸರು, ಅಲ್ಲಿನ ಮಾತು, ಮುಂಜಾನೆ ಐದಕ್ಕೇ ಕೂಗುವ ರೈಲು ಯಾವುದೂ ಅವನಿಗೆ ಒಗ್ಗುವುದಿಲ್ಲ. ಆದರೆ ಹೊರಗಿನವನು ಹೊರಗಿನವನಾಗಿ ಕಾಣಬೇಕಾದರೆ ಮೊದಲು ಆ ಊರು ನಿಜವಾದ ಊರಾಗಿ ನಿಲ್ಲಬೇಕಲ್ಲವೇ? ಅದನ್ನು ನಿಲ್ಲಿಸಿದವರು ಯಾರು? ನಿನ್ನೆ ‘ಭರ್ತಿ’ ಎನಿಸಿಕೊಂಡವರೇ.

ನ್ಯಾಯಾಧೀಶ ಹ್ಯಾಲರ್ ಆಗಿ ಫ್ರೆಡ್ ಗ್ವಿನ್ ಅವರನ್ನು ನೋಡಿ. ವಿನ್ನಿ ತನ್ನ ಬೀದಿಯ ಉಚ್ಚಾರಣೆಯಲ್ಲಿ ‘ಯೂತ್ಸ್’ (ಯುವಕರು) ಎಂಬುದನ್ನು ‘ಯೂಟ್ಸ್’ ಎಂದಾಗ ಅವರು ನಗುವುದಿಲ್ಲ, ಸಿಡುಕುವುದೂ ಇಲ್ಲ. ಆ ಎತ್ತರದ ದೇಹವನ್ನು ನಿಧಾನವಾಗಿ ಮುಂದಕ್ಕೆ ಬಾಗಿಸಿ, ತನ್ನ ಕಿವಿಯೇ ತಪ್ಪಿರಬಹುದೇನೋ ಎಂಬ ಸಭ್ಯ ಸಂದೇಹದಿಂದ, ಅದು ಯಾವ ಪದ ಎಂದು ಕೇಳುತ್ತಾರೆ. ನಗು ಹುಟ್ಟುವುದು ವಿನ್ನಿಯ ನಾಲಗೆಯಲ್ಲಿ ಅಲ್ಲ, ಈ ಮನುಷ್ಯ ಕೇಳಿಸಿಕೊಳ್ಳುವ ರೀತಿಯಲ್ಲಿ. ಇದು ಗ್ವಿನ್ ಅವರ ಕೊನೆಯ ಚಿತ್ರ. ಮರುವರ್ಷ ಅವರು ತೀರಿಕೊಂಡರು.

ಷೆರಿಫ್ ಪಾತ್ರದ ಬ್ರೂಸ್ ಮ್ಯಾಕ್‌ಗಿಲ್ ಅವರದು ಇನ್ನೂ ಕಡಿಮೆ ಮಾತಿನ ಕೆಲಸ. ಅಂಗಡಿಯಲ್ಲಿ ಮರೆತು ಜೇಬಿಗೆ ಸೇರಿದ ಟ್ಯೂನಾ ಡಬ್ಬಿಗಾಗಿ ತನ್ನನ್ನು ಹಿಡಿದಿದ್ದಾರೆಂದು ನಂಬಿದ್ದ ವಿನ್ನಿಯ ಆ ತಮ್ಮ, ವಿಷಯ ಕೊಲೆ ಎಂದು ತಿಳಿದಾಗ ‘ಗುಮಾಸ್ತನಿಗೆ ನಾನು ಗುಂಡು ಹೊಡೆದೆ?’ ಎಂದು ದಿಗ್ಭ್ರಮೆಯಿಂದ ಕೇಳಿದ ಪ್ರಶ್ನೆಯನ್ನೇ ಇವರು ಕೋರ್ಟಿನಲ್ಲಿ ತಪ್ಪೊಪ್ಪಿಗೆಯಂತೆ ಓದುತ್ತಾರೆ. ಪದಗಳು ಅವೇ, ಧ್ವನಿಯ ಏರಿಳಿತ ಮಾತ್ರ ಹೋಗಿದೆ. ಅದನ್ನು ಯಾವ ದುರುದ್ದೇಶವೂ ಇಲ್ಲದೆ, ಕಡತ ಓದುವ ಸಪ್ಪೆ ದನಿಯಲ್ಲಿ ಹೇಳುವುದಕ್ಕೆ ಎಷ್ಟು ಹಿಡಿತ ಬೇಕು ಎಂಬುದು ರಂಗದ ಮೇಲೆ ಒಂದೇ ಒಂದು ಸಾಲು ಹೇಳಿ ಬೆವತವರಿಗೆ ಗೊತ್ತು.

“ಹಾಗಾದರೆ ಆಸ್ಕರ್ ಟೊಮೇ ಒಬ್ಬರಿಗೇ ಏಕೆ ಬಂತು?” ಎಂದು ಆ ಗೆಳೆಯರು ನಿನ್ನೆಯೇ ಕೇಳಿದರು. ಬರಲೇಬೇಕಿತ್ತು, ಬಂತು, ತಪ್ಪಾಗಿ ಹೆಸರು ಓದಿದರೆಂಬ ಹಳೆಯ ಗಾಳಿಮಾತಿಗೆ ನಾನು ಕಿವಿಗೊಡುವವನಲ್ಲ. ಆದರೆ ವಿನ್ನಿಯನ್ನು ಮದುವೆಯಾಗಲಿರುವ ಹುಡುಗಿಯಾಗಿ, ಕಾರುಗಳನ್ನು ಬಲ್ಲವಳಾಗಿ ಆಕೆ ಸಾಕ್ಷಿ ನುಡಿಯುವ ದೃಶ್ಯವನ್ನೇ ಮತ್ತೊಮ್ಮೆ ನೋಡಿ. ಸರ್ಕಾರಿ ವಕೀಲ ಟ್ರಾಟರ್ ಆಗಿ ಲೇನ್ ಸ್ಮಿತ್, 1955ರ ಷೆವ್ರೊಲೆ ಕಾರಿನಲ್ಲಿ ಇದ್ದೇ ಇರದ ಎಂಜಿನ್ ಒಂದನ್ನು ಹೆಸರಿಸಿ ಆಕೆಯನ್ನು ಬಲೆಗೆ ಕೆಡವಲು ನೋಡುತ್ತಾರೆ. ಆ ಎಂಜಿನ್ ಬಂದದ್ದೇ 1962ರಲ್ಲಿ ಎಂದು ಆಕೆ ಬಿಡಿಸಿ ಹೇಳಿದಾಗ, ಈಕೆಯನ್ನು ತಜ್ಞೆಯೆಂದು ಒಪ್ಪುತ್ತೇನೆ ಎಂದು ಅವರು ಹಿಂದೆ ಸರಿಯುತ್ತಾರೆ. ಆ ಸೋಲಿನಲ್ಲಿ ಹಗೆಯಿಲ್ಲ, ಗೌರವವಿದೆ. ಕೊನೆಯಲ್ಲಿ ಆರೋಪಗಳನ್ನು ಕೈಬಿಡಲು ಎದ್ದು ನಿಲ್ಲುವವರೂ ಅವರೇ. ಟೊಮೇ ಎಸೆದ ಚೆಂಡು ಪುಟಿದದ್ದು ಎದುರಿಗೆ ಇಂಥ ಗೋಡೆ ಇದ್ದದ್ದರಿಂದ.

ಒಂದು ವಿಷಯ ಹೇಳಿಬಿಡುತ್ತೇನೆ. ಬಾಲ್ಯದಲ್ಲಿ ನನಗೆ ಉಗ್ಗಿತ್ತು. ಹಾಜರಿ ಕೂಗುವಾಗ ‘ಬಂದಿದ್ದೇನೆ’ ಎನ್ನಲಾಗದೆ ಗೈರುಹಾಜರಿ ಹಾಕಿಸಿಕೊಂಡ ದಿನಗಳಿವೆ. ಹೀಗಾಗಿ ಸರ್ಕಾರ ಒದಗಿಸಿದ ವಕೀಲನಾಗಿ ಆಸ್ಟಿನ್ ಪೆಂಡಲ್ಟನ್ ತಡವರಿಸುವ ದೃಶ್ಯಕ್ಕೆ ಎಲ್ಲರೂ ನಕ್ಕಾಗ ನನಗೆ ನಗು ಬರುವುದಿಲ್ಲ. ಆ ದೃಶ್ಯ ಚಿತ್ರದಲ್ಲಿ ಇರಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಆದರೂ ಮೊದಲ ಪದ ಹೊರಡುವ ಮುನ್ನ ಆ ನಟನ ದವಡೆ ಬಿಗಿದುಕೊಳ್ಳುವ ಪರಿಯನ್ನು ನೋಡಿದಾಗಲೆಲ್ಲ, ಅದು ಒಳಗಿನಿಂದ ಬಲ್ಲವರ ಕೆಲಸ ಎನಿಸುತ್ತದೆ. ಪೆಂಡಲ್ಟನ್ ಅವರಿಗೂ ಚಿಕ್ಕಂದಿನಿಂದ ಉಗ್ಗಿತ್ತು.

ನಿನ್ನೆ ‘ಭರ್ತಿ’ ಎಂದವರಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ವಾರ ಇದನ್ನೇ ಮತ್ತೆ ಹಾಕೋಣ. ದಪ್ಪ ಕನ್ನಡಕದ ವೃದ್ಧೆ ರೈಲಿ ಸಾಕ್ಷಿ ನುಡಿಯುವ ಹೊತ್ತಿಗೆ, ಅಳತೆಪಟ್ಟಿ ಹಿಡಿದು ದೂರ ನಿಂತು ಎರಡು ಬೆರಳು ತೋರಿಸುವ ವಿನ್ನಿಯಿಂದ ಕಣ್ಣು ತೆಗೆಯಿರಿ. ಆ ಬೆರಳುಗಳನ್ನು ನಾಲ್ಕೆಂದು ಎಣಿಸಿದ ಮೇಲೆ, ಇನ್ನೂ ದಪ್ಪನೆಯ ಗಾಜು ಹಾಕಿಸಬೇಕೇನೋ ಎಂದು ಒಪ್ಪಿಕೊಳ್ಳುವ ಆ ತಾಯಿಯ ಮುಖವನ್ನೇ ನೋಡುತ್ತಿರಿ.