ಪರ-ವಿರೋಧ: ಟ್ರಾಲ್ ಬಲೆಯ ಚೀಲಕ್ಕೆ ಚೌಕ ಕಣ್ಣೇ ಆಗಬೇಕೆ?

ಪರ

ಬೋಟು ಕಡಲಲ್ಲಿ ಎಳೆದೊಯ್ಯುವ ಟ್ರಾಲ್ ಬಲೆಯ ತುದಿಯಲ್ಲಿ ಮೀನು ಬಂದು ಸೇರುವ ಭಾಗವೇ ಚೀಲ. ಹಳೆ ಬಲೆಯ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ಎಳೆದು ನೋಡಿ. ವಜ್ರಾಕಾರದ ಕಣ್ಣುಗಳು ಸೀಳಿನಂತೆ ಮುಚ್ಚಿಕೊಳ್ಳುತ್ತವೆ. ನೀರಿನಡಿಯಲ್ಲೂ ಆಗುವುದು ಅದೇ. ಬೋಟು ಎಳೆದಷ್ಟೂ, ಚೀಲ ತುಂಬಿದಷ್ಟೂ ಕಣ್ಣು ಬಿಗಿಯುತ್ತದೆ. ಅಳತೆಗೆ 35 ಮಿ.ಮೀ. ಇದ್ದರೂ ಮರಿಗೆ ನುಸುಳಲು ದಾರಿಯಿಲ್ಲ. ಅದೇ ಬಲೆಯನ್ನು ಚೌಕವಾಗಿ ಕಟ್ಟಿದರೆ ಎಳೆತವನ್ನೆಲ್ಲ ಉದ್ದದ ದಾರಗಳೇ ಹೊರುತ್ತವೆ. ಅಡ್ಡ ದಾರ ಸಡಿಲವಾಗಿದ್ದು ಕಣ್ಣು ತೆರೆದೇ ಇರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಚೌಕ ಕಣ್ಣನ್ನು ಶಿಫಾರಸು ಮಾಡಿದ್ದು ಇದಕ್ಕೇ.

ನಾನು ಎರಡು ವರ್ಷ ಮಲ್ಪೆಯ ಬೋಟಿನಲ್ಲಿ ಕಲಾಸಿ (ಬೋಟಿನ ಕೆಲಸಗಾರ) ಆಗಿದ್ದೆ. ಚೀಲದ ಗಂಟು ಬಿಚ್ಚಿದರೆ ಡೆಕ್ ತುಂಬ ರಾಶಿ. ಬೊಂಡಾಸ್ (ಸ್ಕ್ವಿಡ್), ಸಿಗಡಿ, ದೊಡ್ಡ ಮದ್ಮಲ್ ಮೀನು ಆರಿಸಿ ಬುಟ್ಟಿಗೆ. ಉಳಿಯುವುದು ಬೆರಳುದ್ದದ ಮದ್ಮಲ್ ಮರಿಗಳು, ಮೈಯ ಗುಲಾಬಿ ಇನ್ನೂ ಮಾಸದವು. ಅವನ್ನು ಸಲಿಕೆಯಲ್ಲಿ ಗೋರುತ್ತಿದ್ದೆವು, ಮೀನುಹುಡಿ ಕಾರ್ಖಾನೆಯ ಲಾರಿಗೆ. ಒಂದು ಸಂಜೆ ಸಾರಿಗೆಂದು ಒಂದಿಷ್ಟು ಮನೆಗೆ ಒಯ್ದೆ. ಬುಟ್ಟಿ ಹೊತ್ತು ಮೀನು ಮಾರಿಯೇ ನಮ್ಮನ್ನು ಸಾಕಿದ ಅಮ್ಮ ಕತ್ತಿ ಮುಟ್ಟಲಿಲ್ಲ. "ಒಂದು ಸಲವೂ ಮೊಟ್ಟೆ ಇಡದ ಮೀನು ಇದು ಮಗಾ. ಇದನ್ನೂ ಬಾಚಿದರೆ ಬರುವ ವರ್ಷ ನಾನು ಏನು ಹೊರಲಿ?" ಎಂದಳು. ಆ ರಾತ್ರಿ ಮನೆಯಲ್ಲಿ ಮೀನು ಬೇಯಲಿಲ್ಲ.

ಹೊಟ್ಟೆಪಾಡಿನ ಮಾತಾಡುವವರನ್ನು ಕೇಳುತ್ತೇನೆ: ಜೂನ್-ಜುಲೈ 61 ದಿನ ಬೋಟು ಕಟ್ಟಿ ಕೂರುವುದು ಯಾತಕ್ಕೆ? ಮೀನು ಮರಿ ಮಾಡಲಿ ಎಂದೇ ಅಲ್ಲವೆ? ಆಗಸ್ಟಿನಲ್ಲಿ ಅದೇ ಮರಿಗಳನ್ನು ಬಾಚುವುದಾದರೆ ಆ 61 ದಿನದ ಉಪವಾಸ ನೀರುಪಾಲು.

ವಿರೋಧ

ಈ ಪಕ್ಷ ವಹಿಸಿ ಬರೆಯಿರಿ ಎಂದಾಗ ಹಿಂಜರಿದೆ. ಮರಿ ಹಿಡಿಯಬಾರದೆಂಬುದರಲ್ಲಿ ನನಗೂ ತಕರಾರಿಲ್ಲ. ಆದರೆ ಮರಿಮೀನಿನ ಕಥೆ ಹೇಳಿ ಕಣ್ಣೀರು ಬರಿಸುವುದು ಸುಲಭ, ಬೋಟು ನಡೆಸುವುದು ಸುಲಭವಲ್ಲ.

ಚೌಕ ಕಣ್ಣು ಎಲ್ಲ ಮೀನಿಗೂ ಒಗ್ಗದು. ಬಂಗುಡೆಯಂಥ ಉರುಟು ಮೈಗೆ ಅದು ಬಾಗಿಲು, ಮಾಂಜಿಯಂಥ (ಪಾಂಫ್ರೆಟ್) ಚಪ್ಪಟೆ ಮೈಗೆ ವಜ್ರದ ಕಣ್ಣೇ ಸಲೀಸು. ಕಣ್ಣಿನ ಅಳತೆ ಎಳೆದು ಹಿಡಿದಾಗಿನದು, ಹಾಗಾಗಿ 35 ಮಿ.ಮೀ. ಕಣ್ಣು ಚೌಕವಾದರೆ ಒಂದು ಬದಿ ಅದರ ಅರ್ಧ, 17.5 ಮಿ.ಮೀ. ಬೆಳೆದರೂ ಸಣ್ಣದೇ ಆಗಿರುವ ಸಿಗಡಿ ಅದರಲ್ಲಿ ಜಾರಿಹೋಗುತ್ತದೆ. ನಮ್ಮ ಕಡಲಲ್ಲಿ ಒಂದೇ ಎಳೆತಕ್ಕೆ ಹತ್ತಾರು ಜಾತಿ ಬರುತ್ತವೆ. ಜೊತೆಗೆ ರಾಜ್ಯ ಕಾನೂನು ಮಾಡಿದರೂ ಅದರ ಕೈ ದಡದಿಂದ 12 ನಾಟಿಕಲ್ ಮೈಲಿಯವರೆಗೆ ಮಾತ್ರ.

ನನ್ನ ಭಾವ ಒಮ್ಮೆ ಚೌಕದ ಚೀಲ ಹಾಕಿಸಿದ್ದರು. ಪಕ್ಕದ ಬೋಟು ತುಂಬಿದ ಚೀಲ ಎತ್ತುವಾಗ ಇವರದ್ದು ಅರ್ಧ. ಪಾಲು ಕಡಿಮೆಯಾಯಿತೆಂದು ಇಬ್ಬರು ಕಲಾಸಿಗಳು ಮುಂದಿನ ಟ್ರಿಪ್ಪಿಗೆ ಬೇರೆ ಬೋಟು ಹತ್ತಿದರು. ಡೀಸೆಲ್ ಸಾಲ ಭಾವನ ತಲೆಗೆ ಬಂತು. ಆ ಚೀಲ ಈಗಲೂ ಅವರ ಶೆಡ್ಡಿನ ಜಂತಿಯಲ್ಲಿ ತೂಗುತ್ತಿದೆ. ಎಸೆದಿಲ್ಲ. "ಬಂದರಿನ ಅಷ್ಟೂ ಬೋಟು ಒಂದೇ ದಿನ ಹಾಕಲಿ, ನಾನೂ ಇಳಿಸುತ್ತೇನೆ" ಎನ್ನುತ್ತಾರೆ.