ಹಳೆಯ ರೈಡ್‌ನ ಕೆಳಗೆ ಅದಕ್ಕಿಂತ ಹಳೆಯದೊಂದು

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ವಿನ್ನಿ ದಿ ಪೂ ರೈಡ್ ಹತ್ತಿದವರು ಒಂದು ನಿರ್ದಿಷ್ಟ ತಿರುವಿನಲ್ಲಿ ಕತ್ತನ್ನು ಪೂರ್ತಿ ಹಿಂದಕ್ಕೆ ಹೊರಳಿಸಿದರೆ, ತಾವು ಈಗಷ್ಟೇ ದಾಟಿ ಬಂದ ಬಾಗಿಲಿನ ಮೇಲ್ಗಡೆ ಕತ್ತಲಲ್ಲಿ ಮೂರು ಪ್ರಾಣಿಗಳ ತಲೆಗಳು ಕಾಣುತ್ತವೆ. ಅದೇ ಜಾಗದಲ್ಲಿ 2001ರವರೆಗೆ ನಡೆಯುತ್ತಿದ್ದ, ಕರಡಿ ಬೊಂಬೆಗಳು ಹಾಡುವ ಕಂಟ್ರಿ ಬೇರ್ ಪ್ರದರ್ಶನದಲ್ಲಿ ಮಾತನಾಡುತ್ತಿದ್ದ ತಲೆಗಳು ಅವು. ನಾನು ಈ ಯಾವ ರೈಡ್‌ನಲ್ಲೂ ಕುಳಿತವನಲ್ಲ. ಅಭಿಮಾನಿಗಳು ಮುಂದಿನ ಸೀಟಿನಿಂದ ಚಿತ್ರೀಕರಿಸಿದ ವಿಡಿಯೊಗಳನ್ನು ವರ್ಷಗಟ್ಟಲೆ ನೋಡಿದವನು. ಹಾಗಾಗಿ ನನ್ನದು ಎರವಲು ನೆನಪು. ಆದರೂ ಆ ಮೂರು ತಲೆಗಳನ್ನು ಕಂಡಾಗಲೆಲ್ಲ, ಪಾರ್ಕ್‌ಗಳ ನವೀಕರಣದ ಬಗ್ಗೆ ನಡೆಯುವ ಜಗಳವೆಲ್ಲ ಅಲ್ಲಿಯೇ ನೇತುಬಿದ್ದಂತೆ ನನಗೆ ತೋರುತ್ತದೆ.

ಈ ಜಗಳ ಇತ್ತೀಚೆಗೆ ಅತಿ ಹೆಚ್ಚು ಕಾವೇರಿದ್ದು, ದೋಣಿಯಲ್ಲಿ ಕೂರಿಸಿ ಕಾಲುವೆಯಲ್ಲಿ ಸಾಗಿಸಿ ಕೊನೆಗೆ ಪ್ರಪಾತಕ್ಕೆ ಜಾರಿಸುವ ಸ್ಪ್ಲ್ಯಾಶ್ ಮೌಂಟನ್ ರೈಡ್‌ನ ವಿಷಯದಲ್ಲಿ. ಕರಿಯರ ಚಿತ್ರಣದ ಕಾರಣಕ್ಕೆ ಸ್ವತಃ ಡಿಸ್ನಿಯೇ ಮೂಲೆಗಿಟ್ಟಿದ್ದ 1946ರ ಸಿನಿಮಾವೊಂದನ್ನು ಆಧರಿಸಿದ್ದ ಈ ರೈಡ್ ಅನ್ನು, ತನ್ನ ಕರಿಯ ರಾಜಕುಮಾರಿ ಟಿಯಾನಾಳ ಕಥೆಗೆ ಹೊಂದಿಸುವುದಾಗಿ ಸಂಸ್ಥೆ 2020ರಲ್ಲಿ ಪ್ರಕಟಿಸಿತು. ಪರವಾಗಿಯೂ ವಿರುದ್ಧವಾಗಿಯೂ ಸಹಿ ಸಂಗ್ರಹಗಳು ನಡೆದವು. 2023ರ ಜನವರಿಯಲ್ಲಿ ಫ್ಲಾರಿಡಾದ ಡಿಸ್ನಿ ಪಾರ್ಕ್‌ನಲ್ಲಿದ್ದ ಇದೇ ರೈಡ್ ಮುಚ್ಚಿದಾಗ, ಅದರ ಕಾಲುವೆಯ ನೀರೆಂದು ಹೇಳಿಕೊಂಡು ಡಬ್ಬಿಯಲ್ಲಿ ತುಂಬಿದ ನೀರನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟವರೂ ಇದ್ದರು. ತೀರ್ಥಕ್ಕೂ ಇಷ್ಟು ಬೇಡಿಕೆ ಇರಲಾರದು!

ನೀರು ಮಾರಿದವರನ್ನು ನೋಡಿ ನಕ್ಕರೂ, ಆ ದುಃಖ ಸುಳ್ಳೆಂದು ನಾನು ಹೇಳಲಾರೆ. ಆದರೆ ‘ಮೂಲವನ್ನು ಕೆಡಿಸಿದರು’ ಎಂಬ ಮಾತು ಬಂದಾಗ ಸ್ವಲ್ಪ ತಡೆಯಬೇಕೆನಿಸುತ್ತದೆ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಸ್ಪ್ಲ್ಯಾಶ್ ಮೌಂಟನ್‌ನೊಳಗೆ ಹಾಡಿ ಕುಣಿಯುತ್ತಿದ್ದ ಯಂತ್ರಬೊಂಬೆಗಳಲ್ಲಿ ಬಹುಪಾಲು, ಅದರ ಹಿಂದಿನ ವರ್ಷವಷ್ಟೇ ಮುಚ್ಚಿದ್ದ ‘ಅಮೆರಿಕ ಸಿಂಗ್ಸ್’ ಎಂಬ ಪ್ರದರ್ಶನದಿಂದ ಕಳಚಿ ತಂದವು. ಆ ‘ಅಮೆರಿಕ ಸಿಂಗ್ಸ್’ ತಾನೇ 1974ರಲ್ಲಿ ‘ಕರೌಸೆಲ್ ಆಫ್ ಪ್ರೋಗ್ರೆಸ್’ ಎಂಬ ಇನ್ನೊಂದು ಪ್ರದರ್ಶನ ಖಾಲಿ ಮಾಡಿದ ಕಟ್ಟಡಕ್ಕೆ ಬಂದದ್ದು. ನಮ್ಮ ಬಾಲ್ಯದಲ್ಲಿದ್ದದ್ದನ್ನೇ ನಾವು ಮೂಲವೆಂದು ಕರೆಯುತ್ತೇವೆ, ಅಷ್ಟೆ.

ಹಾಗೆಂದು ಅಭಿಮಾನಿಗಳ ಕೋಪವನ್ನೆಲ್ಲ ಹಳಹಳಿಕೆ ಎಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ, ಏಕೆಂದರೆ ಜುಗ್ಗತನವನ್ನು ಅವರಷ್ಟು ಬೇಗ ಮೂಸಿ ಹಿಡಿಯುವವರು ಬೇರೆ ಯಾರೂ ಇಲ್ಲ. ನಿಧಾನವಾಗಿ ಸಾಗುತ್ತಿದ್ದ ಪೀಪಲ್‌ಮೂವರ್ ಎಂಬ ಹಳೆಯ ರೈಡ್‌ನ ಎತ್ತರದ ಹಳಿಯ ಮೇಲೆಯೇ 1998ರಲ್ಲಿ ಡಿಸ್ನಿಲ್ಯಾಂಡ್ ರಾಕೆಟ್ ರಾಡ್ಸ್ ಎಂಬ ವೇಗದ ಗಾಡಿಗಳನ್ನು ಓಡಿಸಿತು. ತಿರುವುಗಳಲ್ಲಿ ಹಳಿಗೆ ಬೇಕಾದ ಓರೆಯನ್ನು ಕೊಡಲು ಹಣ ಬಿಚ್ಚಲಿಲ್ಲ. ಪ್ರತಿ ತಿರುವಿನಲ್ಲೂ ವೇಗ ತಗ್ಗಿಸಿ ಮತ್ತೆ ಏರಿಸಬೇಕಾಗಿದ್ದರಿಂದ ಟೈರುಗಳು ಸವೆದವು, ಗಾಡಿಗಳು ಕೆಟ್ಟು ನಿಂತವು, ಎರಡೇ ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ಫ್ಲಾರಿಡಾದಲ್ಲಿರುವ ಡಿಸ್ನಿಯ ಇನ್ನೊಂದು ಪಾರ್ಕ್ ಎಪ್ಕಾಟ್‌ನಲ್ಲಿ ಫಿಗ್ಮೆಂಟ್ ಎಂಬ ನೇರಳೆ ಬಣ್ಣದ ಪುಟ್ಟ ಡ್ರ್ಯಾಗನ್ ಅನ್ನು 1999ರಲ್ಲಿ ಅದರದೇ ರೈಡ್‌ನಿಂದ ಹೆಚ್ಚುಕಡಿಮೆ ಹೊರಹಾಕಿ, ರೈಡ್ ಅನ್ನೂ ಮೊಟಕುಗೊಳಿಸಿದರು. ಗಲಾಟೆ ಎಷ್ಟಾಯಿತೆಂದರೆ 2002ರಲ್ಲಿ ಅದನ್ನು ಮರಳಿ ಕರೆತರಬೇಕಾಯಿತು. ಇಲ್ಲೆಲ್ಲ ಅಭಿಮಾನಿಗಳು ಹೇಳಿದ್ದೇ ಸರಿ.

ಈ ಅಳತೆಯಲ್ಲಿ ನೋಡಿದರೆ 2024ರಲ್ಲಿ ತೆರೆದ ಟಿಯಾನಾ ರೈಡ್ ಜುಗ್ಗತನದ್ದಲ್ಲ; ಹೊಸ ಬೊಂಬೆಗಳ ಮುಖಭಾವ ಬೆರಗು ಹುಟ್ಟಿಸುವಷ್ಟು ಸಹಜವಾಗಿದೆ. ನನ್ನ ತಕರಾರು ಕಥೆಯದು. ಹಳೆಯದರಲ್ಲಿ ನರಿಯ ಕೈಗೆ ಸಿಕ್ಕ ಮೊಲವನ್ನು ನೋಡುತ್ತ, ತುದಿಯಲ್ಲಿ ಕುಳಿತ ರಣಹದ್ದುಗಳ ಬೆದರಿಕೆ ಕೇಳುತ್ತ ಪ್ರಪಾತಕ್ಕೆ ಜಾರುತ್ತಿದ್ದೆವು. ಈಗ ಪಾರ್ಟಿಗೆ ವಾದ್ಯಗಾರರನ್ನು ಹುಡುಕುತ್ತ ಹೋಗಿ ಅದೇ ಪ್ರಪಾತಕ್ಕೆ ಬೀಳುತ್ತೇವೆ. ಬೀಳುವುದಕ್ಕೆ ಕಾರಣವೇ ಇಲ್ಲ.

ಕೆಲಸ ಅಚ್ಚುಕಟ್ಟಾಗಿದ್ದರೆ ಸಾಕು ಎಂಬ ನನ್ನ ಈ ವಾದವೂ ಒಂದು ಕಡೆ ಕೈಕೊಡುತ್ತದೆ. 1971ರಿಂದ ಫ್ಲಾರಿಡಾದ ಪಾರ್ಕ್‌ನಲ್ಲಿದ್ದ ‘ರಿವರ್ಸ್ ಆಫ್ ಅಮೆರಿಕ’ ನದಿಯನ್ನೂ ಅದರ ಉಗಿದೋಣಿಯನ್ನೂ 2025ರ ಜುಲೈನಲ್ಲಿ ಮುಚ್ಚಿದರು. ಅಲ್ಲಿಗೆ ‘ಕಾರ್ಸ್’ ಸಿನಿಮಾದ ರೈಡ್‌ಗಳು ಬರಲಿವೆ. ಅವು ಸೊಗಸಾಗಿಯೇ ಇರಬಹುದು. ಆದರೆ ಅಷ್ಟು ಗದ್ದಲದ ನಡುವೆ ಜನ ಸುಮ್ಮನೆ ದಡದಲ್ಲಿ ನಿಂತು ನೀರು ನೋಡುತ್ತಿದ್ದ ಜಾಗ ಅದು. ಹೊಸ ರೈಡ್‌ಗೆ ಕ್ಯೂ ನಿಲ್ಲಬೇಕಾಗುತ್ತದೆ. ಆ ನೀರು ನೋಡುವುದಕ್ಕೆ ಕ್ಯೂ ಇರಲಿಲ್ಲ.